ಎಂಟು ಗಂಟೆಯ ಆಚೆ: ಓವರ್‌ಟೈಮ್ ದುಡಿಮೆ, ಅದರ ಕೂಲಿ, ಅದರ ಕಾನೂನು

ಹೊಸೂರಿನ ಸಿಪ್ಕಾಟ್ ಕಡೆ ಕೆಲಸ ಹುಡುಕಿಕೊಂಡು ಬರುವ ಹುಡುಗರು ಗುತ್ತಿಗೆದಾರನನ್ನು ಕೇಳುವ ಮೊದಲ ಪ್ರಶ್ನೆ ಸಂಬಳ ಎಷ್ಟು ಎಂದಲ್ಲ, "ಓಟಿ ಇದೆಯಾ ಸಾರ್?" ಎಂದು. ಅವರ ಲೆಕ್ಕ ಸರಳ. ಸಂಬಳದಲ್ಲಿ ರೂಮಿನ ಬಾಡಿಗೆ, ಊಟ, ಬಸ್ಸು ಕಳೆಯುತ್ತದೆ. ಊರಿಗೆ ಕಳಿಸಲು ಏನಾದರೂ ಉಳಿಯಬೇಕಾದರೆ ಅದು ಓಟಿಯಿಂದಲೇ ಬರಬೇಕು. ಹೀಗಾಗಿ ದಿನಕ್ಕೆ ಎಂಟು ಗಂಟೆ ಮಾತ್ರ ಕೆಲಸ ಕೊಡುವ ಕಾರ್ಖಾನೆಗಿಂತ ಹನ್ನೆರಡು ಗಂಟೆ ದುಡಿಸುವ ಕಾರ್ಖಾನೆಯೇ ಒಳ್ಳೆಯದು ಎಂಬ ಮಾತು ಕಾರ್ಮಿಕರ ಬಾಯಲ್ಲೇ ಕೇಳಿ ಬರುತ್ತದೆ.

ಆದರೆ ಓವರ್‌ಟೈಮಿಗೆ ಎರಡು ಪಟ್ಟು ಕೂಲಿ ಎಂಬ ನಿಯಮ ಹುಟ್ಟಿದ್ದು ಕಾರ್ಮಿಕನ ಆದಾಯ ಹೆಚ್ಚಿಸುವುದಕ್ಕಲ್ಲ. ಅದು ಮಾಲೀಕನ ಮೇಲೆ ಹಾಕಿದ ಒಂದು ಬಗೆಯ ದಂಡ. ಹೆಚ್ಚು ಹೊತ್ತು ದುಡಿಸಿದರೆ ಕೈ ಸುಡುತ್ತದೆ, ಅದರ ಬದಲು ಇನ್ನೊಬ್ಬನನ್ನು ಕೆಲಸಕ್ಕೆ ತೆಗೆದುಕೊಳ್ಳುವುದೇ ಲಾಭ ಎಂದು ಮಾಲೀಕನಿಗೆ ಅನ್ನಿಸಬೇಕು ಎಂಬುದು ಉದ್ದೇಶ. ಈ ದಂಡ ಹಗುರವಾದಷ್ಟೂ ಪಾಳಿ ಉದ್ದವಾಗುತ್ತದೆ. ಈಚಿನ ವರ್ಷಗಳಲ್ಲಿ ನಡೆಯುತ್ತಿರುವುದು ಇದೇ.

ಸೂರ್ಯಾಸ್ತದ ಮಿತಿ ಹೋದಾಗ

ಗಡಿನಾಡ ಕನ್ನಡಿಗರಿಗೆ ಗಡಿಯಾರದ ದುಡಿಮೆಯನ್ನು ಮೊದಲು ಕಲಿಸಿದ ಊರುಗಳಲ್ಲಿ ಸೊಲ್ಲಾಪುರ ಮುಖ್ಯ. 1870ರ ದಶಕದಲ್ಲಿ ಅಲ್ಲಿ ಶುರುವಾದ ಬಟ್ಟೆ ಗಿರಣಿಗೆ ಮುಂದೆ 'ಜುನಿ ಮಿಲ್' ಎಂದೇ ಹೆಸರಾಯಿತು. ಅಕ್ಕಲಕೋಟೆ, ಇಂಡಿ, ವಿಜಾಪುರದ ಕಡೆಯ ಬರದ ಹಳ್ಳಿಗಳಿಂದ ಹೋದ ಕನ್ನಡದವರು, ತೆಲುಗಿನ ನೇಕಾರರು, ಮರಾಠಿಯವರು ಎಲ್ಲರೂ ಭೋಂಗಾ ಕೂಗಿದ ಕೂಡಲೇ ಗೇಟಿನೊಳಗೆ ಹೋಗುತ್ತಿದ್ದರು. ಆಗ ವಯಸ್ಕ ಗಂಡಸರ ದುಡಿಮೆಗೆ ಕಾನೂನಿನ ಮಿತಿಯೇ ಇರಲಿಲ್ಲ. 1881ರ ಮೊದಲ ಕಾರ್ಖಾನೆ ಕಾಯಿದೆ 7ರಿಂದ 12 ವರ್ಷದ ಮಕ್ಕಳ ದುಡಿಮೆಯನ್ನು ದಿನಕ್ಕೆ 9 ಗಂಟೆಗೆ ಮಿತಿಗೊಳಿಸಿತು. ಏಳು ವರ್ಷದ ಮಗುವಿಗೆ ಒಂಬತ್ತು ಗಂಟೆ, ಅದೂ ಸುಧಾರಣೆ ಎಂಬ ಹೆಸರಿನಲ್ಲಿ. 1891ರ ಕಾಯಿದೆ ಹೆಂಗಸರಿಗೆ 11 ಗಂಟೆಯ ಮಿತಿ ಹಾಕಿತು.

ವಾರದ ರಜೆಯೂ ಪುಕ್ಕಟೆಯಾಗಿ ಬಂದದ್ದಲ್ಲ. ಮುಂಬಯಿಯಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಅವರು 1884ರಿಂದ ಗಿರಣಿ ಕಾರ್ಮಿಕರನ್ನು ಸೇರಿಸಿ ಒತ್ತಾಯ ಹೇರುತ್ತಾ ಬಂದರು. ಭಾನುವಾರದ ರಜೆಗೆ ಗಿರಣಿ ಮಾಲೀಕರು ಒಪ್ಪಿದ್ದು 1890ರ ಜೂನ್ 10ರಂದು. ಆರು ವರ್ಷ ಹಿಡಿಯಿತು.

ಗಿರಣಿಗಳಿಗೆ ವಿದ್ಯುತ್ ದೀಪ ಬಂದ ಮೇಲೆ ಪರಿಸ್ಥಿತಿ ಇನ್ನಷ್ಟು ಕೆಟ್ಟಿತು. ಅದುವರೆಗೆ ಸೂರ್ಯ ಮುಳುಗಿದರೆ ಮಗ್ಗ ನಿಲ್ಲುತ್ತಿತ್ತು. ದೀಪ ಬಂದ ಮೇಲೆ 14-15 ಗಂಟೆಯ ದುಡಿಮೆ ಸಾಮಾನ್ಯವಾಯಿತು. ಅದರ ವಿರುದ್ಧ ಎದ್ದ ಕೂಗಿನ ಫಲವಾಗಿ 1911ರ ಕಾಯಿದೆ ಬಟ್ಟೆ ಗಿರಣಿಗಳ ಗಂಡಸರಿಗೆ ಮೊದಲ ಬಾರಿ 12 ಗಂಟೆಯ ಮಿತಿ ಹಾಕಿತು. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ತನ್ನ ಮೊದಲ ಒಡಂಬಡಿಕೆಯಲ್ಲೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಬರೆಯಿತು. ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ ಅದರಲ್ಲೊಂದು ವಿನಾಯಿತಿ: ಇಲ್ಲಿ ವಾರಕ್ಕೆ 60 ಗಂಟೆ. 1922ರ ಕಾಯಿದೆ ಆ 60 ಗಂಟೆಯನ್ನೇ ಜಾರಿಗೆ ತಂದಿತು. ಹೆಚ್ಚಿನ ಹೊತ್ತಿಗೆ ಒಂದೂಕಾಲು ಪಟ್ಟು ಕೂಲಿ ಎಂಬ ಮಾತು ಬಂದದ್ದೂ ಆಗಲೇ. 1934ರಲ್ಲಿ ವಾರದ ಮಿತಿ 54 ಗಂಟೆಗೆ, 1946ರಲ್ಲಿ 48ಕ್ಕೆ ಇಳಿಯಿತು.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಡಾ. ಅಂಬೇಡ್ಕರ್ ಅವರು 14 ಗಂಟೆಯ ದುಡಿಮೆಯನ್ನು ಒಮ್ಮೆಲೇ 8ಕ್ಕೆ ಇಳಿಸಿದರು ಎಂದು ಜಾಲತಾಣಗಳಲ್ಲಿ ಆಗಾಗ ಓಡಾಡುವುದುಂಟು. ಅವರು 1942ರಿಂದ 1946ರ ವರೆಗೆ ವೈಸ್‌ರಾಯ್ ಮಂಡಲಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರಾಗಿದ್ದರು. 54ರಿಂದ 48ಕ್ಕೆ ಇಳಿಸುವ ಕೆಲಸ ನಡೆದದ್ದು ಆ ಕಾಲದಲ್ಲಿ. ಕೊನೆಯ ಆ ಆರು ಗಂಟೆಯೇ ವಾರದಲ್ಲಿ ಒಂದು ಅರ್ಧ ದಿನಕ್ಕಿಂತ ಹೆಚ್ಚು. ಅದನ್ನು ದೊಡ್ಡದು ಮಾಡಿ ಹೇಳಬೇಕಾದ ಅಗತ್ಯವಿಲ್ಲ, ಇದ್ದಂತೆ ಹೇಳಿದರೂ ಅದು ದೊಡ್ಡದೇ.

ಸ್ವಾತಂತ್ರ್ಯದ ನಂತರದ 1948ರ ಕಾರ್ಖಾನೆ ಕಾಯಿದೆ ಈ ಎಲ್ಲವನ್ನೂ ಒಂದೆಡೆ ತಂದಿತು. ವಾರಕ್ಕೆ 48 ಗಂಟೆ, ದಿನಕ್ಕೆ 9 ಗಂಟೆ, ಐದು ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆ ಬಿಡುವು, ಬಿಡುವು ಸೇರಿ ದಿನಕ್ಕೆ ಹತ್ತೂವರೆ ಗಂಟೆಗಿಂತ ಹೆಚ್ಚು ಗೇಟಿನೊಳಗೆ ಇರುವಂತಿಲ್ಲ. ಅದಕ್ಕಿಂತ ಹೆಚ್ಚು ದುಡಿಸಿದರೆ ಎರಡು ಪಟ್ಟು ಕೂಲಿ. ಇದು 59ನೇ ಸೆಕ್ಷನ್. ಹಳೆಯ ಕಾರ್ಮಿಕರು ಸೆಕ್ಷನ್ ನಂಬರನ್ನು ಬಾಯಿಪಾಠ ಹೇಳುತ್ತಿದ್ದರು.

ಯಾವುದರ ಎರಡು ಪಟ್ಟು?

ಇಡೀ ವಿಷಯದ ಗಂಟು ಇರುವುದು ಇಲ್ಲಿ. 1948ರ ಕಾಯಿದೆಯ ಪ್ರಕಾರ ಓವರ್‌ಟೈಮ್ ಲೆಕ್ಕ ಹಾಕಬೇಕಾದದ್ದು ಮೂಲ ವೇತನಕ್ಕೆ ಕಾರ್ಮಿಕನಿಗೆ ಸಲ್ಲುವ ಭತ್ಯೆಗಳನ್ನೂ ಕೂಡಿಸಿದ ಮೊತ್ತದ ಮೇಲೆ. ಬೋನಸ್ ಮಾತ್ರ ಸೇರದು. ರಿಯಾಯಿತಿ ದರದ ಧಾನ್ಯದ ಬೆಲೆಯನ್ನು ಕೂಡ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ಅದರಲ್ಲಿ ಬರೆದಿತ್ತು.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಕಾರ್ಖಾನೆ ಕಾಯಿದೆಯ ಜಾಗಕ್ಕೆ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆ ಬಂದಿದೆ. ಅದರಲ್ಲಿ ದಿನಕ್ಕೆ 8 ಗಂಟೆಯ ಮಿತಿ ಇದೆ, ಓವರ್‌ಟೈಮಿಗೆ ಕಾರ್ಮಿಕನ ಒಪ್ಪಿಗೆ ಬೇಕು ಎಂದಿದೆ, ಎರಡು ಪಟ್ಟು ಕೂಲಿಯೂ ಇದೆ. ಓದಲು ಚೆನ್ನಾಗಿದೆ. ಆದರೆ 'ವೇತನ' ಎಂಬ ಶಬ್ದದ ಅರ್ಥ ಬದಲಾಗಿದೆ. ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ ಮುಂತಾದವನ್ನು ವೇತನದಿಂದ ಹೊರಗಿಡಲು ಹೊಸ ವ್ಯಾಖ್ಯೆ ಅವಕಾಶ ಕೊಡುತ್ತದೆ. ಹಾಗೆ ಹೊರಗಿಟ್ಟದ್ದು ಒಟ್ಟು ಸಂಬಳದ ಅರ್ಧಕ್ಕಿಂತ ಹೆಚ್ಚಾದರೆ ಮಾತ್ರ, ಹೆಚ್ಚಾದಷ್ಟನ್ನು ಮತ್ತೆ ವೇತನಕ್ಕೆ ಸೇರಿಸಬೇಕು.

ಒಂದು ಉದಾಹರಣೆ ನೋಡೋಣ. ಒಬ್ಬನ ತಿಂಗಳ ಸಂಬಳ ಭತ್ಯೆಗಳೆಲ್ಲ ಸೇರಿ 15,600 ರೂಪಾಯಿ ಎಂದಿಟ್ಟುಕೊಳ್ಳಿ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 600, ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ 75. ಎರಡು ಪಟ್ಟು ಎಂದರೆ 150. ತಿಂಗಳಲ್ಲಿ 40 ಗಂಟೆ ಓಟಿ ಮಾಡಿದರೆ 6,000 ರೂಪಾಯಿ. ಇದು ಹಳೆಯ ಲೆಕ್ಕ. ಈಗ ಸಂಬಳದ ಅರ್ಧ ಭಾಗವನ್ನು ಭತ್ಯೆ ಎಂದು ತೋರಿಸಿದರೆ ವೇತನ 7,800 ಆಗುತ್ತದೆ. ಗಂಟೆಗೆ 37 ರೂಪಾಯಿ 50 ಪೈಸೆ, ಅದರ ಎರಡು ಪಟ್ಟು 75. ಅದೇ 40 ಗಂಟೆಗೆ 3,000 ರೂಪಾಯಿ. ಕಾಗದದಲ್ಲಿ ಎರಡು ಪಟ್ಟು, ಕೈಗೆ ಬರುವುದು ಒಂದು ಪಟ್ಟು! ರಾಜ್ಯ ಗೊತ್ತುಪಡಿಸಿದ ಕನಿಷ್ಠ ವೇತನಕ್ಕಿಂತ ಕೆಳಗೆ ಇಳಿಯುವಂತಿಲ್ಲ ಎಂಬುದು ಇದಕ್ಕಿರುವ ತಡೆ. ಕನಿಷ್ಠ ವೇತನಕ್ಕಿಂತ ಸ್ವಲ್ಪ ಮೇಲಿರುವವರಿಗೆ ಈ ತಡೆಯಿಂದ ಹೆಚ್ಚು ಪ್ರಯೋಜನವಿಲ್ಲ.

ಒಂದೇ ಪಟ್ಟು ಕೊಡುವ ಪ್ರಯತ್ನ ಹಿಂದೆಯೂ ನಡೆದಿತ್ತು. ಕೊರೊನಾ ಕಾಲದಲ್ಲಿ, 2020ರ ಏಪ್ರಿಲ್‌ನಲ್ಲಿ, ಗುಜರಾತ್ ಸರಕಾರ 12 ಗಂಟೆಯ ಪಾಳಿಗೆ ಅನುಮತಿ ಕೊಟ್ಟು, ಹೆಚ್ಚಿನ ಗಂಟೆಗಳಿಗೆ ಮಾಮೂಲಿ ದರದ ಕೂಲಿ ಸಾಕು ಎಂದು ಅಧಿಸೂಚನೆ ಹೊರಡಿಸಿತು. ಅದನ್ನು ಸುಪ್ರೀಂ ಕೋರ್ಟು 2020ರ ಅಕ್ಟೋಬರ್ 1ರಂದು ರದ್ದು ಮಾಡಿ, ದುಡಿಸಿದ ಹೆಚ್ಚಿನ ಹೊತ್ತಿಗೆಲ್ಲ ಎರಡು ಪಟ್ಟು ಕೊಡಿ ಎಂದು ಆದೇಶಿಸಿತು. ಆರ್ಥಿಕ ಸಂಕಷ್ಟದ ಹೊರೆಯನ್ನೆಲ್ಲ ಕಾರ್ಮಿಕನ ಹೆಗಲಿಗೆ ಹಾಕುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು.

ಗಡಿಯ ಆಚೆ ಈಚೆ

ನೆನಪಿಡಬೇಕಾದ ಸಂಗತಿ: ಕಾರ್ಮಿಕನ ಊರು ಯಾವ ರಾಜ್ಯದಲ್ಲಿದೆ ಎಂಬುದು ಮುಖ್ಯವಲ್ಲ, ಕಾರ್ಖಾನೆ ಇರುವ ರಾಜ್ಯದ ನಿಯಮ ಅನ್ವಯಿಸುತ್ತದೆ. ಮಡಕಶಿರಾದಿಂದ ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳಿಗೆ ಕರ್ನಾಟಕದ ನಿಯಮ, ಆನೇಕಲ್ಲಿನಿಂದ ಹೊಸೂರಿಗೆ ಹೋಗುವವನಿಗೆ ತಮಿಳುನಾಡಿನ ನಿಯಮ.

ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆಯವರೆಗೆ ದುಡಿಸಲು ಅವಕಾಶ ಮಾಡಿತು. ಮೂರು ತಿಂಗಳಿಗೆ 75 ಗಂಟೆ ಇದ್ದ ಓವರ್‌ಟೈಮ್ ಮಿತಿ 145 ಗಂಟೆಯಾಯಿತು. ಅದೇ ವರ್ಷ ಏಪ್ರಿಲ್ 21ರಂದು ತಮಿಳುನಾಡು ವಿಧಾನಸಭೆಯಲ್ಲೂ ಇಂಥದೇ ಮಸೂದೆ ಪಾಸಾಯಿತು. ಮಿತ್ರಪಕ್ಷಗಳೂ ಕಾರ್ಮಿಕ ಸಂಘಗಳೂ ಒಟ್ಟಿಗೆ ತಿರುಗಿಬಿದ್ದ ಕಾರಣ, ಹತ್ತೇ ದಿನದಲ್ಲಿ, ಮೇ 1ರಂದು ಅದನ್ನು ವಾಪಸು ಪಡೆದದ್ದಾಗಿ ಮುಖ್ಯಮಂತ್ರಿ ಘೋಷಿಸಿದರು. ಅತ್ತಿಬೆಲೆ ಚೆಕ್‌ಪೋಸ್ಟಿನ ಈಚೆ ಒಂದು ಮಿತಿ, ಆಚೆ ಇನ್ನೊಂದು ಮಿತಿ ಎಂಬ ಸ್ಥಿತಿ ಹೀಗೆ ಬಂತು. 2025ರಲ್ಲಿ ಆಂಧ್ರದ ಸಂಪುಟ ದಿನದ ಮಿತಿಯನ್ನು 10 ಗಂಟೆಗೆ ಏರಿಸಲು ಒಪ್ಪಿತು. ತೆಲಂಗಾಣ ವಾಣಿಜ್ಯ ಸಂಸ್ಥೆಗಳಿಗೆ ಜುಲೈನಲ್ಲಿ 10 ಗಂಟೆ ಮಾಡಿತು. ಮಹಾರಾಷ್ಟ್ರದ ಸಂಪುಟ ಸೆಪ್ಟೆಂಬರಿನಲ್ಲಿ ಕಾರ್ಖಾನೆಗಳಿಗೆ 12, ಅಂಗಡಿಗಳಿಗೆ 10 ಗಂಟೆ ಎಂದಿತು. ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಅಂಗಡಿ ನೌಕರರಿಗೆ ಕೂತುಕೊಳ್ಳುವ ಹಕ್ಕು ಕೊಟ್ಟ ಕಾನೂನು ಬಂದದ್ದು ಸ್ವಲ್ಪ ಬೇರೆ ದಾರಿಯ ಮಾತು. ದಿನವಿಡೀ ಬಟ್ಟೆ ಅಂಗಡಿಯಲ್ಲಿ ನಿಂತ ಹೆಂಗಸರಿಗೇ ಅದರ ಬೆಲೆ ಗೊತ್ತು.

ಇವೆಲ್ಲ ಹಳೆಯ ಕಾಯಿದೆಗಳಡಿ ನಡೆದ ಬದಲಾವಣೆಗಳು. ಹೊಸ ಸಂಹಿತೆಯಲ್ಲೂ ಓವರ್‌ಟೈಮ್ ಎಷ್ಟು ಗಂಟೆ ಎಂಬುದನ್ನು ನಿಯಮಗಳ ಮೂಲಕ ಗೊತ್ತುಪಡಿಸುವುದು ಸರಕಾರಗಳ ಕೈಯಲ್ಲೇ ಇದೆ.

ಆದರೆ ಮಿತಿಯನ್ನು ಎಷ್ಟೇ ಸಡಿಲಿಸಿದ ರಾಜ್ಯದಲ್ಲೂ ಈ ಲೆಕ್ಕವನ್ನೊಮ್ಮೆ ಮಾಡಿ ನೋಡಿ. 12 ಗಂಟೆಯ ಪಾಳಿಯಲ್ಲಿ ಊಟ, ಚಹಾಕ್ಕೆ ಒಂದು ಗಂಟೆ ಕಳೆದರೆ ದುಡಿಮೆ 11 ಗಂಟೆ. ಆರು ದಿನಕ್ಕೆ 66. ವಾರಕ್ಕೆ 48 ಕಳೆದರೆ 18 ಗಂಟೆ ಓವರ್‌ಟೈಮ್. ಮೂರು ತಿಂಗಳ 13 ವಾರಕ್ಕೆ 234 ಗಂಟೆ. ಕರ್ನಾಟಕ ಕೊಟ್ಟ 145 ಗಂಟೆಯ ಮಿತಿಯನ್ನೂ ಇದು ದಾಟಿ ಹೋಗುತ್ತದೆ. ಅಂದರೆ ವಾರಕ್ಕೆ ಆರು ದಿನ ಹನ್ನೆರಡು ಗಂಟೆಯ ಪಾಳಿ ಎಂಬುದು ಈ ಸಡಿಲಗೊಂಡ ನಿಯಮಕ್ಕೂ ನಿಲುಕದ್ದು. ಸೆಕ್ಯುರಿಟಿ ಕೆಲಸದ ಎಷ್ಟೋ ಮಂದಿ ವರ್ಷವಿಡೀ ದುಡಿಯುವುದು ಮಾತ್ರ ಇದೇ ಪಾಳಿಯಲ್ಲಿ.

ಗಡಿಯಾರವೇ ಇಲ್ಲದ ದುಡಿಮೆ

ಇದುವರೆಗೆ ಹೇಳಿದ್ದು ಗೇಟು, ಹಾಜರಿ ಪುಸ್ತಕ ಇರುವ ಕಡೆಯ ಮಾತು. ಗಡಿನಾಡಿನ ಬಹುಪಾಲು ದುಡಿಮೆ ಅದರ ಹೊರಗಿದೆ. ಅಲ್ಲಿ ಕೂಲಿ ಹೊತ್ತಿಗಲ್ಲ, ಮಾಡಿದ ಕೆಲಸದ ಅಳತೆಗೆ.

ಜತ್ತ ತಾಲೂಕಿನಂಥ ಬರದ ಸೀಮೆಯಿಂದ ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯಲು ಹೊರಡುವವರನ್ನು ನೋಡಿ. ಗಂಡ ಹೆಂಡತಿ ಇಬ್ಬರೂ ಸೇರಿ ಒಂದು 'ಕೊಯ್ತಾ'. ಮುಕಾದಮನಿಂದ ಮುಂಗಡ, ಅಲ್ಲಿನ ಮಾತಿನಲ್ಲಿ 'ಉಚಲ್', ಮಳೆಗಾಲದಲ್ಲೇ ಕೈ ಸೇರಿರುತ್ತದೆ, ಮದುವೆಗೋ ಆಸ್ಪತ್ರೆಗೋ ಖರ್ಚಾಗಿಯೂ ಹೋಗಿರುತ್ತದೆ. ಕೂಲಿ ಟನ್ನಿನ ಲೆಕ್ಕ. ನಸುಕಿನಲ್ಲಿ ಕಡಿಯಲು ಶುರು, ಟ್ರಾಕ್ಟರು ನಡುರಾತ್ರಿ ಬಂದರೆ ನಡುರಾತ್ರಿ ಹೊರೆ ಹೇರಬೇಕು. ಹೆಚ್ಚಿನ ಹೊತ್ತು ಎಂಬ ಶಬ್ದವೇ ಅಲ್ಲಿಲ್ಲ, ಏಕೆಂದರೆ ಮಾಮೂಲಿ ಹೊತ್ತು ಎಂಬುದೇ ಇಲ್ಲ. ಒಂದು ದಿನ ತಪ್ಪಿಸಿದರೆ 'ಖಾಡಾ' ಎಂದು ದಂಡ ಮುರಿದುಕೊಳ್ಳುತ್ತಾರೆ. ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರಲ್ಲಿ ಗರ್ಭಕೋಶ ತೆಗೆಸಿಕೊಂಡವರು ಬಹಳ ಎಂದು 2019ರಲ್ಲಿ ದೊಡ್ಡ ಸುದ್ದಿಯಾಗಿ, ಮಹಾರಾಷ್ಟ್ರ ಸರಕಾರ ಸಮಿತಿಯನ್ನೇ ನೇಮಿಸಬೇಕಾಯಿತು. ಮುಟ್ಟಿನ ದಿನ, ಹೊಟ್ಟೆನೋವಿನ ದಿನ ರಜೆ ಹಾಕಿದರೆ ಬೀಳುವ ದಂಡದ ಭಯವೂ ಅದರ ಹಿಂದೆ ಇತ್ತು. ಹೊತ್ತು ಮತ್ತು ಕೂಲಿಯ ತೂಕ ಮಾಡುವಾಗ ತಕ್ಕಡಿ ಎಲ್ಲಿಯವರೆಗೆ ವಾಲಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಆದೋನಿ ಕಡೆಯ ಹಳ್ಳಿಗಳಿಂದ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಹೋಗುವವರದು, ಹಳೆಯ ಮಹಬೂಬ್‌ನಗರ ಜಿಲ್ಲೆಯಿಂದ ಮೇಸ್ತ್ರಿಯ ಹಿಂದೆ ಕಾಲುವೆ, ಕಟ್ಟಡದ ಕೆಲಸಕ್ಕೆ ಹೋದ 'ಪಾಲಮೂರು' ಕೂಲಿಗಳದು ಇದೇ ಕತೆ. ಮುಂಗಡ ತೆಗೆದುಕೊಂಡವನು ಗಂಟೆಯ ಚೌಕಾಸಿ ಮಾಡಲಾರ. ನೀಲಗಿರಿ, ವಯನಾಡಿನ ಚಹಾ ತೋಟಗಳಲ್ಲಿ ವಾರಕ್ಕೆ 48 ಗಂಟೆ ಎಂಬ ಮಿತಿ ತೋಟ ಕಾರ್ಮಿಕರ ಕಾಯಿದೆಯಲ್ಲೇ ಇತ್ತು. ಆದರೆ ಗೊತ್ತುಪಡಿಸಿದ ಕಿಲೋ ಮೀರಿ ಎಲೆ ಕಿತ್ತರೆ ಸಿಗುವ ಹೆಚ್ಚಿನ ಕಾಸಿನ ಆಸೆಗೆ ಬಿಡುವಿನ ಹೊತ್ತು ಕರಗಿಹೋಗುತ್ತದೆ.

ಬೀಡಿಯ ಕತೆ ಸ್ವಲ್ಪ ವಿವರವಾಗಿ ಹೇಳಬೇಕಾದದ್ದು. ಮಂಜೇಶ್ವರ, ಕಾಸರಗೋಡಿನ ಮನೆ ಜಗಲಿಗಳಲ್ಲೂ ಸೊಲ್ಲಾಪುರದ ಗಲ್ಲಿಗಳಲ್ಲೂ ಸೂಪು ತೊಡೆಯ ಮೇಲಿಟ್ಟು ಬೀಡಿ ಕಟ್ಟುವ ಹೆಂಗಸರಿಗೆ ಸಾವಿರಕ್ಕೆ ಇಷ್ಟು ಎಂದು ಕೂಲಿ. 1966ರ ಬೀಡಿ ಕಾರ್ಮಿಕರ ಕಾಯಿದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಮೀರಿದರೆ ಎರಡು ಪಟ್ಟು ಎಂದು ಬರೆಯಿತು. ಕೇರಳ ಸರಕಾರ ಇದನ್ನು ಜಾರಿಗೆ ತರಲು ಹೊರಟ ಕೂಡಲೇ ಮಂಗಳೂರಿನ ಬೀಡಿ ಮಾಲೀಕರು ಕಣ್ಣೂರು ಕಡೆಯ ತಮ್ಮ ಘಟಕಗಳನ್ನು ಮುಚ್ಚಿಬಿಟ್ಟರು. ಸಾವಿರಾರು ಜನ ಬೀದಿಗೆ ಬಿದ್ದರು. ಅವರಿಂದಲೇ 1969ರಲ್ಲಿ ಕೇರಳ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. ಹೊತ್ತು ಗೊತ್ತು, ರಜೆ, ಬೋನಸ್ ಎಲ್ಲವನ್ನೂ ಕೊಟ್ಟು ಅದು ದಶಕಗಳ ಕಾಲ ಲಾಭದಲ್ಲೂ ನಡೆಯಿತು. ಆ ಸೀಮೆಯ ಬೀಡಿ ಶೆಡ್ಡುಗಳಲ್ಲಿ ಒಬ್ಬ ಎಲ್ಲರಿಗೂ ಕೇಳುವಂತೆ ಪೇಪರು ಓದುತ್ತಿದ್ದ. ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು. ಕೈ ಮಾಲೀಕನದಾದರೂ ಕಿವಿ ತಮ್ಮದು ಎಂಬ ಹಾಗೆ. ಮನೆಯಲ್ಲಿ ಒಬ್ಬಳೇ ಕೂತು ಕಟ್ಟುವವಳಿಗೆ ಈ ಸುಖವೂ ಇಲ್ಲ, ಅವಳ ಗಂಟೆ ಎಣಿಸುವವರೂ ಇಲ್ಲ.

(ಪತ್ರಕರ್ತರಿಗೂ 1955ರ ಕಾಯಿದೆ ನಾಲ್ಕು ವಾರಕ್ಕೆ 144 ಗಂಟೆ ಎಂಬ ಮಿತಿ ಹಾಕಿತ್ತು. ಸುದ್ದಿಗಿಷ್ಟು ಎಂದು ಬರೆಯುವ ನನ್ನಂಥ ಬಿಡಿ ವರದಿಗಾರರು ಆ ಲೆಕ್ಕಕ್ಕೆ ಬರಲೇ ಇಲ್ಲ. ಆ ಮಟ್ಟಿಗೆ ನಾವೂ ಬೀಡಿ ಕಟ್ಟುವವರೇ.)

ಮಾರಿದ ಗಂಟೆಯ ಬೆಲೆ

ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೋಸಿಸ್‌ನ ನಾರಾಯಣಮೂರ್ತಿ 2023ರ ಅಕ್ಟೋಬರಿನಲ್ಲಿ ಹೇಳಿದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರು 90 ಗಂಟೆ ಎಂದರು. ಇದರ ಮೇಲೆ ನಡೆದ ಚರ್ಚೆಯೆಲ್ಲ ಕಂಪ್ಯೂಟರ್ ಮುಂದೆ ಕೂರುವವರ ಬಗ್ಗೆ. ಹೊಸೂರು, ಸೊಲ್ಲಾಪುರದ ಕಾರ್ಮಿಕನಿಗೆ 70 ಗಂಟೆ ಉಪದೇಶವಲ್ಲ, ಅವನ ಮಾಮೂಲಿ ವಾರ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಟ್ಟಾಗಿ ಪ್ರಕಟಿಸಿದ ಅಂದಾಜಿನ ಪ್ರಕಾರ, ವಾರಕ್ಕೆ 35-40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಮೀರಿ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. 2016ರ ಒಂದೇ ವರ್ಷದಲ್ಲಿ ಇಂಥ ದುಡಿಮೆಯಿಂದ ಲೋಕದಲ್ಲಿ ಸತ್ತವರು ಸುಮಾರು 7,45,000 ಮಂದಿ.

ಹೆಂಗಸರ ಲೆಕ್ಕ ಇನ್ನೂ ಬೇರೆ. ಕೇಂದ್ರ ಸರಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಾರೆಂದು ಕಂಡುಬಂತು. ಹನ್ನೆರಡು ಗಂಟೆಯ ಪಾಳಿ, ಹೋಗಿ ಬರಲು ಮೂರು ಗಂಟೆ, ಮನೆಗೆಲಸ ಐದು ಗಂಟೆ. ದಿನದಲ್ಲಿ ಉಳಿದದ್ದು ನಾಲ್ಕು ಗಂಟೆ. ನಿದ್ದೆಗೇ ಅದು ಸಾಲದು, ಮಕ್ಕಳ ಜತೆ ಮಾತಿಗೆ ಎಲ್ಲಿಂದ ತರುವುದು? ಓವರ್‌ಟೈಮ್ ಉದ್ದವಾದಾಗ ಮೊದಲು ಕೆಲಸ ಬಿಡುವವರು ಹೆಂಗಸರೇ. ಆಗ ಮನೆಯ ಒಂದು ಸಂಬಳ ಹೋಗಿ, ಗಂಡಸಿನ ಓಟಿ ಅದನ್ನು ತುಂಬಲು ಮತ್ತಷ್ಟು ಉದ್ದವಾಗುತ್ತದೆ.

ಕಾರ್ಮಿಕನೇ ಇಷ್ಟಪಟ್ಟು ಓಟಿ ಮಾಡುತ್ತಾನೆ, ನಮಗೇನು ಎಂದು ಮಾಲೀಕರು ಹೇಳುವುದು ಸುಳ್ಳಲ್ಲ. ತಂಗಿಯ ಮದುವೆ ಮುಗಿಯುವವರೆಗೆ, ಬೈಕಿನ ಕಂತು ತೀರುವವರೆಗೆ ಎಂದುಕೊಂಡೇ ಎಲ್ಲರೂ ಶುರು ಮಾಡುತ್ತಾರೆ. ಎಂಟು ಗಂಟೆಯ ಸಂಬಳ ಸಂಸಾರಕ್ಕೆ ಸಾಲುವಂತಿದ್ದರೆ ಎಷ್ಟು ಜನ ಇಷ್ಟಪಡುತ್ತಿದ್ದರು ಎಂಬುದು ಮಾತ್ರ ಯಾರೂ ಕೇಳದ ಪ್ರಶ್ನೆ.

ಬಾಕಿ ಬಂದರೆ

ಓವರ್‌ಟೈಮಿನ ತಕರಾರುಗಳು ಬಿದ್ದುಹೋಗುವುದು ಹೆಚ್ಚಾಗಿ ದಾಖಲೆಯ ಕೊರತೆಯಿಂದ. ಕಂಪನಿಯ ಯಂತ್ರದಲ್ಲಿ ಬೆರಳೊತ್ತಿದ ಲೆಕ್ಕ ಕಂಪನಿಯ ಬಳಿಯೇ ಇರುತ್ತದೆ. ಒಂದು ಸಣ್ಣ ಪುಸ್ತಕದಲ್ಲಿ ದಿನಾ ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು ಬರೆದಿಡಿ, ಬಸ್ ಪಾಸು, ಪಾಳಿಯ ಪಟ್ಟಿಯ ಫೋಟೋ ಇಟ್ಟುಕೊಳ್ಳಿ. ವೇತನ ಚೀಟಿ ಕೊಡುವುದು ಮಾಲೀಕನ ಕರ್ತವ್ಯ. ಅದನ್ನು ಕೇಳಿ ಪಡೆದು, ಮೂಲ ವೇತನ ಎಷ್ಟು, ಭತ್ಯೆ ಎಷ್ಟು ಎಂದು ನೋಡಿದರೆ ಮೇಲೆ ಹೇಳಿದ ಲೆಕ್ಕ ತಾನಾಗಿ ಗೊತ್ತಾಗುತ್ತದೆ. ಗುತ್ತಿಗೆದಾರ ಕೊಡದೆ ಹೋದರೆ ಮುಖ್ಯ ಕಂಪನಿಯ ಹೊಣೆ ತಪ್ಪುವುದಿಲ್ಲ. ಬಾಕಿ ವೇತನದ ಅರ್ಜಿ ಹಾಕಲು ವೇತನ ಸಂಹಿತೆಯಲ್ಲಿ ಮೂರು ವರ್ಷದ ಅವಧಿ ಇದೆ. ಇದು ಮುಂಚಿಗಿಂತ ಒಳ್ಳೆಯ ಬದಲಾವಣೆ.

ಭಾಷೆಯ ಭಯದಿಂದ ಅರ್ಜಿಯನ್ನೇ ಕೊಡದವರು ನಮ್ಮಲ್ಲಿ ಬಹಳ. ಸಂವಿಧಾನದ 350ನೇ ವಿಧಿಯಂತೆ ಯಾವುದೇ ಕುಂದುಕೊರತೆಯ ಮನವಿಯನ್ನು ಕೇಂದ್ರದಲ್ಲಿ ಇಲ್ಲವೇ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಕೊಡಬಹುದು. ಕಾಸರಗೋಡಿನಲ್ಲಾಗಲಿ, ಹೊಸೂರಿನಲ್ಲಾಗಲಿ, ಸೊಲ್ಲಾಪುರದಲ್ಲಾಗಲಿ ಕಾರ್ಮಿಕ ಇಲಾಖೆಗೆ ಕನ್ನಡದಲ್ಲಿ ಬರೆದು ಕೊಡಲು ಅಡ್ಡಿಯಿಲ್ಲ. ಅದರ ಜತೆಗೆ ಆ ರಾಜ್ಯದ ಭಾಷೆಯಲ್ಲಿ ಒಂದು ಪ್ರತಿ ಲಗತ್ತಿಸಿದರೆ ಕಡತ ಬೇಗ ಮುಂದೆ ಹೋಗುತ್ತದೆ, ಮತ್ತು ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳದೆ ಕೌಂಟರು ಬಿಡಬಾರದು.